ಒಲೆ ಕೇಳಿದ ಹುಡುಗಿ

ಮಾರ್ಚ್ ೮, ಭಾನುವಾರ

ಪ್ರೀತಿಯ ಗುಬ್ಬಿಗೆ,

ಅಕ್ಕನ ಆಶೀರ್ವಾದಗಳು. ನಾವೆಲ್ಲ ಚೆನ್ನಾಗಿದ್ದೇವೆ. ಬಿಸ್ಕತ್ತು ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯ ಕೆಲಸ ಸಿಕ್ಕಿತೆಂದು ನೀನು ಬರೆದ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಕೈಗೆ ಬಿಡುವಿರಲಿಲ್ಲ ಎಂದು ಬರೆಯಬಹುದಿತ್ತು. ಕೈಗೆ ಬಿಡುವಿತ್ತು ಕಣೆ, ಮನಸ್ಸೇ ಬರಲಿಲ್ಲ.

ನೀನು ಹೋದಮೇಲೆ ಮನೆ ಭಣಗುಡುತ್ತಿದೆ. ನೀನು ಕೂರುತ್ತಿದ್ದ ಕುರ್ಚಿಯನ್ನು ನಿನ್ನ ಭಾವ ಇನ್ನೂ ಗೋಡೆಗೆ ಸರಿಸಿಲ್ಲ. ಸಂದರ್ಶನದ ತಯಾರಿ ಎಂದು ಅವರು ಮನೆಯೊಳಗೇ ಬೂಟು ಹಾಕಿಕೊಂಡು ಊಟದ ಮೇಜಿನ ಮುಂದೆ ಬಿಗಿಯಾಗಿ ಕೂತದ್ದು ನೆನಪಿದೆಯಾ? ನೀನು ಹೊರಗಿನಿಂದ ಬಾಗಿಲು ತಟ್ಟಿ, "ಒಳಗೆ ಬರಬಹುದಾ ಭಾವ?" ಅಂದೆ. "ಇಲ್ಲಿ ಭಾವ ಗೀವ ಯಾರೂ ಇಲ್ಲ! ಸಾರ್ ಅನ್ನು. ನಡಿ, ಮತ್ತೆ ಹೊರಗೆ!" ಎಂದು ಗದರಿದರು. ಅಡುಗೆಮನೆಯಲ್ಲಿ ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕೆ.

ಆಮೇಲೆ ನಗು ಬರಲಿಲ್ಲ. "ನಿಮ್ಮ ಬಗ್ಗೆ ಸ್ವಲ್ಪ ಹೇಳಿ" ಅಂದರು. ನಿನಗೆ ಬಹುವಚನ! "ಯಾವ ಕೆಲಸ ಮಾಡಿದರೆ ನಿಮಗೆ ಖುಷಿ? ಮುಂದೆ ಏನಾಗಬೇಕು ಅಂತ ಆಸೆ?" ನೀನು ಹೇಳುತ್ತಾ ಹೋದೆ, ಅವರು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಾ ಹೋದರು. ನನಗೆ ಅವರ ಪ್ರಶ್ನೆಗಳೆಂದರೆ ಇಸ್ತ್ರಿ ಆಯ್ತಾ, ಕನ್ನಡಕ ಎಲ್ಲಿಟ್ಟೆ, ದೀಪ ಯಾಕೆ ಆರಿಸಿಲ್ಲ. ಎಲ್ಲಕ್ಕೂ ಸರಿಯುತ್ತರವನ್ನೇ ಕೊಟ್ಟಿದ್ದೇನೆ, ಯಾರೂ ಕೆಲಸ ಕೊಡಲಿಲ್ಲ. ಹೊಟ್ಟೆಕಿಚ್ಚು ಅನ್ನು, ಪರವಾಗಿಲ್ಲ.

"ಕಷ್ಟದ ಹೊತ್ತಿನಲ್ಲಿ ನೀವೇ ಮುಂದೆ ನಿಂತು ಮಾಡಿದ ಒಂದು ಕೆಲಸ ಹೇಳಿ" ಅಂದಾಗ ನೀನು ತಡವರಿಸಿದೆ. ಕೊನೆಗೆ ಅಪ್ಪನ ಬ್ರೆಡ್ ಅಂಗಡಿಯ ಕಥೆ ತೆಗೆದೆ. ಅಪ್ಪ ಜ್ವರ ಬಂದು ಮಲಗಿದ್ದಾಗ ಒಲೆಯ ಗೋಡೆ ಕುಸಿದದ್ದು, ಆಸ್ಪತ್ರೆಗೆ ಬ್ರೆಡ್ ಹೋಗಲೇಬೇಕಿದ್ದದ್ದು, ಹಿಟ್ಟಿನ ತಟ್ಟೆಗಳನ್ನು ಕೈಗಾಡಿಗೆ ಹೇರಿಕೊಂಡು ಎದುರು ಬೀದಿಯ ಬ್ರೆಡ್ಡಿನವನ ಬಾಗಿಲಿಗೆ ಹೋದದ್ದು. ಅಪ್ಪ ಮುಖ ಕೊಟ್ಟು ಮಾತಾಡದ ಆ ಮನುಷ್ಯನಿಗೆ "ಇವತ್ತು ನಿಮ್ಮ ಒಲೆ ಕೊಡಿ, ಜಗಳ ನಾಳೆ ಆಡೋಣ" ಎಂದದ್ದು, ಅವನು ನಕ್ಕು ಬಾಗಿಲು ತೆಗೆದದ್ದು.

ಒಂದು ಮಾತೂ ತಪ್ಪದೆ ಹೇಳಿದೆ. ತಪ್ಪುವುದಾದರೂ ಹೇಗೆ? ಪುಟ್ಟ ಹುಡುಗಿ ನೀನು, ಗಾಡಿಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು, ತಟ್ಟೆಗಳ ಮೇಲಿನ ಒದ್ದೆ ಬಟ್ಟೆ ಹಾರಿಹೋಗದಂತೆ ಹಿಡಿದುಕೊಂಡಿದ್ದೆ. ಗಾಡಿ ತಳ್ಳಿದವಳು ನಾನು. ಒಲೆ ಕೇಳಿದವಳೂ ನಾನು.

"ಭೇಷ್! ಅಲ್ಲೂ ಇದನ್ನೇ ಹೇಳು" ಎಂದು ನಿನ್ನ ಭಾವ ಮೇಜು ಕುಟ್ಟಿದರು. ನೀನು ಅಡುಗೆಮನೆಯ ಕಡೆ ನೋಡಿದೆ. ನಾನು ನಲ್ಲಿಯನ್ನು ಜೋರಾಗಿ ಬಿಟ್ಟೆ.

ಅದನ್ನೇ ಹೇಳಿ ಕಾರ್ಖಾನೆಯವರನ್ನು ಒಪ್ಪಿಸಿದೆ ಎಂದು ಬರೆದಿದ್ದೀಯ. ಇರಲಿ. ಮನೆಯ ಕಥೆ ಮನೆಯವಳಿಗೇ ಅನ್ನ ಕೊಟ್ಟಿತಲ್ಲ. ಕಾರ್ಖಾನೆಯ ಒಲೆಗಳ ಹತ್ತಿರ ಹೋಗುವಾಗ ತುಂಬುತೋಳಿನ ಅಂಗಿ ಹಾಕು. ಆ ದಿನದ ಸುಟ್ಟ ಕಲೆ ನನ್ನ ಮೊಣಕೈ ಮೇಲೆ ಇನ್ನೂ ಇದೆ. ನಿನ್ನ ಭಾವ ದಿನಾ ನೋಡುತ್ತಾರೆ, ಏನೆಂದು ಕೇಳಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹೆಸರು ತೆಗೆದುಕೊಂಡು, ನೂರ್ಕಾಲ ತಂಪಾಗಿ ಬಾಳು.

ನಿನ್ನ
ಅಕ್ಕ

ತಾ.ಕ.: ನಿನ್ನೆ ಪಕ್ಕದ ಮನೆಯ ದರ್ಜಿ, ಅವನ ಹೆಂಡತಿ ಬಂದಿದ್ದರು. ನಿನ್ನ ಭಾವ ಒಲೆಯ ಕಥೆಯನ್ನು ಕಣ್ಣರಳಿಸಿ ಹೇಳಿದರು. "ನಮ್ಮ ನಾದಿನಿ ಅಂದ್ರೆ ಏನಂದ್ಕೊಂಡ್ರಿ? ಗಂಡೆದೆ!" ಆಮೇಲೆ ಏನೋ ಹೊಳೆದಂತಾಗಿ ನನ್ನ ಕಡೆ ತಿರುಗಿದರು. "ಅಲ್ವೇ, ಆಗ ನೀನೆಲ್ಲಿದ್ದೆ?" ಮದುವೆಯಾದಮೇಲೆ ಅವರು ನನ್ನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು, ಗುಬ್ಬಿ. ನಾನು ಮೊಣಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡು ಹೇಳಿದೆ: "ಗಾಡಿ ಮೇಲೆ ಕೂತಿದ್ದೆ, ಬಟ್ಟೆ ಹಿಡ್ಕೊಂಡು."