ಮಾಸ್ತರರ ಪೇಡೆ

ಜೇವರ್ಗಿ ಕಾಲೋನಿ, ಕಲಬುರ್ಗಿ
ಶ್ರಾವಣ, ೧೯೯೮

ವಿಮಲಕ್ಕನಿಗೆ, ಎದುರು ಮನೆಯ ತುಂಗಾಳ ನಮಸ್ಕಾರ.

ರಸ್ತೆ ದಾಟಿದರೆ ನಿಮ್ಮ ಬಾಗಿಲು. ಆದರೂ ಕಾಗದ ಬರೆಯುತ್ತಿದ್ದೇನೆ, ಯಾಕೆಂದರೆ ಈಗೀಗ ನನ್ನನ್ನು ಕಂಡರೆ ನೀವು ಒಳಗೆ ಹೋಗಿಬಿಡುತ್ತೀರಿ. ಸಿಟ್ಟಿದ್ದರೆ ಇರಲಿ. ಇದನ್ನು ಮಾತ್ರ ಹರಿದು ಹಾಕದೆ ಕೊನೆತನಕ ಓದಿ.

ಟ್ಯೂಷನ್ ಮಾಸ್ತರ ನನ್ನ ಮಗಳು ವಸುವಿನ ಜೊತೆ ಮಾಡಬಾರದ್ದು ಮಾಡಿದಾಗ ನನ್ನ ಕೈಹಿಡಿದು ಠಾಣೆಗೆ ಬಂದವರು ನೀವೇ. ದೂರು ತಡವಾಯಿತು, ಕಂಡವರು ಯಾರೂ ಇಲ್ಲ ಎಂದು ಕೆಳಗಿನ ಕೋರ್ಟು ವಿಚಾರಣೆಯನ್ನೇ ನಡೆಸದೆ ಅವನನ್ನು ಬಿಟ್ಟಿತು. ಮರುದಿನ ಅವನು ಮನೆ ಮನೆಗೆ ಪೇಡೆ ಹಂಚಿದ. ನೀವೂ ತಗೊಂಡಿರಿ. "ಕೋರ್ಟೇ ಬಿಟ್ಟದಂದ್ರ ನಾವ್ಯಾರ್ರೀ ಅನ್ನಾಕ?" ಅಂದಿರಿ. ವಿಮಲಕ್ಕ, ಅವನು ನಿರಪರಾಧಿ ಎಂದು ಆ ಕೋರ್ಟು ಹೇಳಿರಲಿಲ್ಲ. ನನ್ನ ಮಗಳ ಮಾತನ್ನು ಅದು ಕೇಳಿಯೇ ಇರಲಿಲ್ಲ. ಪೇಡೆ ತಿಂದ ಕಾಲೋನಿಗೆ ಇದನ್ನು ಯಾರು ತಿಳಿಸಿ ಹೇಳಬೇಕು? ವಾರದೊಳಗೆ ಅವನ ಬಾಗಿಲಲ್ಲಿ ಮಕ್ಕಳ ಚಪ್ಪಲಿ ಮತ್ತೆ ತುಂಬಿದವು. ನಿಮ್ಮ ಮಗಳು ಸುವರ್ಣಾಳ ಚಪ್ಪಲಿಯೂ ಅಲ್ಲಿದ್ದವು. ನಾನು ವಸುವನ್ನು ಕಮಲಾಪುರಕ್ಕೆ, ನಮ್ಮಕ್ಕ ಸಕ್ಕೂಬಾಯಿಯ ಮನೆಗೆ ಕಳಿಸಿದೆ.

ನಿನ್ನೆ ಜಿಲ್ಲಾ ಕೋರ್ಟು ಆ ಬಿಡುಗಡೆಯನ್ನು ರದ್ದು ಮಾಡಿತು. ಮಗುವನ್ನು ಕೇಳದೆ ಬಿಟ್ಟದ್ದು ತಪ್ಪು, ವಿಚಾರಣೆ ನಡೆಯಲಿ ಎಂದಿತು. ನನಗೆ ಖುಷಿಯಾಗಬೇಕಿತ್ತು. ಆದರೆ ಸಂಜೆ ಅವನು ಎಂದಿನಂತೆ ಸ್ಕೂಟರ್ ನಿಲ್ಲಿಸಿ ನಮ್ಮ ಗೇಟಿನ ಹತ್ತಿರ ಬಂದ. "ವಸು ಯಾವಾಗ ಬರ್ತಾಳ್ರೀ ಬಾಯಿ? ಅಭ್ಯಾಸ ಭಾಳ ಹಿಂದ ಬಿದ್ದಿರಬೇಕು" ಎಂದು ನಕ್ಕ. ವಿಚಾರಣೆ ಮುಗಿಯಲು ವರ್ಷಗಳೇ ಹಿಡಿದಾವು ಎನ್ನುತ್ತಾರೆ ವಕೀಲರು. ಅಲ್ಲಿಯತನಕ ಅವನು ಜಾಮೀನಿನ ಮೇಲೆ ಇಲ್ಲೇ ಇರುತ್ತಾನೆ, ದಿನಾ ಸಂಜೆ ಪಾಠ ಹೇಳುತ್ತಾನೆ.

ಇವತ್ತು ಬೆಳಿಗ್ಗೆ ಕಮಲಾಪುರಕ್ಕೆ ಹೋಗಿ ಬಂದೆ. ಇನ್ನು ಕೋರ್ಟಿನಲ್ಲಿ ನೀನೇ ನಿಂತು ಹೇಳಬೇಕಾಗುತ್ತದೆ ಎಂದು ವಸುವಿಗೆ ತಿಳಿಸಿದೆ. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. "ಅಮ್ಮಾ, ಸುವರ್ಣಾ ಇನ್ನೂ ಅಲ್ಲೇ ಹೋಗ್ತಾಳೇನು?" ಎಂದಳು. ಹೌದು ಎಂದೆ. "ಮುಂದಿನ ಕೋಣ್ಯಾಗ ಜಾಗಾ ಇಲ್ಲ, ಒಳಗ ಕುಂದ್ರು ಅಂತ ನನಗ ಅಂದಂಗ ಆಕಿಗೂ ಅಂದಾನೇನು?"

ವಿಮಲಕ್ಕ, ಅದಕ್ಕೇ ಊರಿಂದ ಬಂದವಳೇ ಈ ಕಾಗದ ಬರೆಯಲು ಕೂತೆ. ಸುವರ್ಣಾ ಶಾಲೆಯಿಂದ ಬಂದ ಕೂಡಲೇ ಹತ್ತಿರ ಕೂರಿಸಿಕೊಂಡು ಇದನ್ನು ನೀವೇ ಕೇಳಿ. ಇಂದಿನ ಪಾಠಕ್ಕೆ ಕಳಿಸುವ ಮೊದಲು ಕೇಳಿ.

ಆ ಕೂಸಿಗೆ ನನ್ನ ಆಶೀರ್ವಾದ. ಸಂಜೆ ಅವಳು ನಿಮ್ಮ ಕಣ್ಣೆದುರೇ ಇರಲಿ.

ಎಂದಿಗೂ ನಿಮ್ಮವಳೇ,
ತುಂಗಾಬಾಯಿ