ಬ್ಯಾಗು ಮೊದಲು ಹೊರಟಿತು, ನಾನು ಆಮೇಲೆ

ಆದಾಯ ತೆರಿಗೆ ಕಚೇರಿಯಲ್ಲಿ ನನ್ನ ಕಡತ ನೋಡುತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ತಾವು ಕಳಿಸಿದ ನೋಟಿಸು ಮುಟ್ಟಿತು. ಎರಡು ವರ್ಷದ ಹಿಂದೆ ನಾನು ಕೊಲ್ಲಿ ದೇಶದಲ್ಲಿ ದುಡಿದ ಸಂಬಳಕ್ಕೂ ಇಲ್ಲಿ ತೆರಿಗೆ ಕಟ್ಟಬೇಕಂತೆ, ಯಾಕೆಂದರೆ ಆ ಆರ್ಥಿಕ ವರ್ಷದಲ್ಲಿ ನಾನು ಭಾರತದ ನಿವಾಸಿಯಂತೆ. ಒಮ್ಮೆಲೇ ಕಟ್ಟಬೇಕೆಂದರೆ ಸಿರಸಂಗಿಯಲ್ಲಿರುವ ನನ್ನ ತಂಗಿ ರಾಚವ್ವನ ಹಿಟ್ಟಿನ ಗಿರಣಿಯನ್ನು ಮಾರಬೇಕಾಗುತ್ತದೆ. ಹಾಗೆಂದು ತಮ್ಮ ಮೇಲೆ ಜಗಳಕ್ಕೆ ಬಂದವನಲ್ಲ ನಾನು. ತಪ್ಪು ನನ್ನದೇ. ಆದರೆ ಇಷ್ಟು ಶಾಸ್ತ್ರೋಕ್ತವಾಗಿ ತಪ್ಪು ಮಾಡಿದ ಮನುಷ್ಯನನ್ನು ತಾವು ನೋಡಿರಲಿಕ್ಕಿಲ್ಲ, ಅದಕ್ಕೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಊರು ಮನೋಳಿ. ಸವದತ್ತಿ ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳನ್ನು ಹಗ್ಗಕ್ಕೆ ಜೋತುಬಿದ್ದು ರಿಪೇರಿ ಮಾಡುತ್ತಿದ್ದೆ. ಅದೇ ಕೆಲಸಕ್ಕೆ ಕೊಲ್ಲಿಯಿಂದ ಕರೆ ಬಂತು. ಊರಲ್ಲಿ ನನಗೆ ಶಾಣ್ಯಾ, ಅಂದರೆ ಜಾಣ, ಎಂಬ ಹೆಸರಿತ್ತು. ಆ ಹೆಸರಿಗೆ ತಕ್ಕಂತೆ, ಹೊರಡುವ ಮೊದಲೇ ಬೈಲಹೊಂಗಲದ ತೆರಿಗೆ ಸಲಹೆಗಾರರನ್ನು ಕಂಡು ಬಂದೆ. ಅವರು ಬಿಡಿಸಿ ಹೇಳಿದರು: “ಏಪ್ರಿಲ್‌ನಿಂದ ಮಾರ್ಚ್‌ತನಕಾ ನೂರಾ ಎಂಬತ್ತೆರಡು ದಿನ ಇಲ್ಲೇ ಇದ್ರ, ನೀವು ಇಲ್ಲಿಯವರೇ ಆಗ್ತೀರಿ. ಅಲ್ಲಿ ಗಳಿಸಿದ್ದಕ್ಕೂ ಇಲ್ಲಿ ತೆರಿಗಿ ಬೀಳತೈತಿ. ಸೆಪ್ಟೆಂಬರ್ ಮುಗಿಯೂದ್ರೊಳಗ ಹೊಂಡ್ರಿ.” ನಾನು ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದೆ.

ಹೊರಟೆ ಕೂಡ. ನಮ್ಮ ಕಡೆ ಹೊರಡುವ ರೀತಿ ಹೇಗೆಂದರೆ, ಪ್ರಯಾಣದ ದಿನ ಒಳ್ಳೆಯದಿಲ್ಲದಿದ್ದರೆ ಮೊದಲೇ ಒಂದು ಒಳ್ಳೆಯ ದಿನ ನೋಡಿ ಚೀಲವನ್ನು ಮನೆಯಿಂದ ಹೊರಡಿಸಿ ನೆರೆಮನೆಯಲ್ಲಿ ಇಡುತ್ತಾರೆ. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಸೆಪ್ಟೆಂಬರ್ ನಡುವೆ ಒಂದು ಮುಂಜಾನೆ ನಮ್ಮವ್ವ ಲಗಮವ್ವ ಹೇಳಿದಳು: “ನಾಳಿಗೆ ಪಕ್ಷ ಹಿಡಿತೈತಿ. ಹಿರ್ಯಾರ ದಿನದಾಗ ಮನಿ ಬಿಟ್ಟು ಹೊಂಡೂದು ಬ್ಯಾಡ. ಇವತ್ತ ಪ್ರಸ್ಥಾನ ಇಟ್ಟುಬಿಡು.” ಬ್ಯಾಗು ಹೊತ್ತು, ಮೇಲೊಂದು ತೆಂಗಿನಕಾಯಿ ಇಟ್ಟುಕೊಂಡು, ಪಕ್ಕದ ಶಟ್ಟೆವ್ವ ಕಾಕೂನ ಮನೆಗೆ ಹೋದೆ. ಅವ್ವ ಹೊಸ್ತಿಲಲ್ಲಿ ನಿಂತು ಅತ್ತಳು. ನಾನೂ ಅತ್ತೆ. ಆಮೇಲೆ ಇಬ್ಬರೂ ಒಳಗೆ ಬಂದು ರೊಟ್ಟಿ ತಿಂದೆವು.

ಅಂದಿನಿಂದ ನಮ್ಮ ಮನೆಯ ಲೆಕ್ಕದಲ್ಲಿ ನಾನು ವಿದೇಶದಲ್ಲಿದ್ದೆ. ಬ್ಯಾಗನ್ನು ವಾಪಸು ತರುವ ಹಾಗಿಲ್ಲ, ಹೀಗಾಗಿ ದಿನಾ ಕಾಕೂನ ಮನೆಗೆ ಹೋಗಿ ಅಂಗಿ ಬದಲಿಸಿ ಬರುತ್ತಿದ್ದೆ. “ಏನೋ ಭೀಮಶಿ, ಪರದೇಶದಾಗ ಬಿಸಲು ಹೆಂಗೈತಿ?” ಎಂದು ಕಾಕು ಚಾಷ್ಟಿ ಮಾಡುತ್ತಿದ್ದಳು. ಕಂಪನಿಯವರು ಅದೇ ವಾರ ಟಿಕೆಟ್ ಕಳಿಸಲು ಸಿದ್ಧರಿದ್ದರು. ಪಕ್ಷ ಮುಗಿಯುವ ಅಮಾವಾಸ್ಯೆ ದಾಟಲಿ ಎಂದೆ. ಈಗಾಗಲೇ ಹೊರಟವನಿಗೆ ಗಡಿಬಿಡಿ ಯಾಕೆ? ಆ ವರ್ಷ ಅಮಾವಾಸ್ಯೆ ಅಕ್ಟೋಬರಿಗೆ ಬಿದ್ದಿತ್ತು. ಹಿರಿಯರ ಹೆಸರಲ್ಲಿ ಹೋಳಿಗೆ ಹೊಡೆದು, ಮಧ್ಯಾಹ್ನ ಮಲಗಿ, ತಮ್ಮ ಕಾಯ್ದೆಯ ಗೆರೆಯನ್ನು ನಾಲ್ಕು ದಿನ ದಾಟಿಯೇ ವಿಮಾನ ಹತ್ತಿದೆ. ತೆರಿಗೆ ರಿಟರ್ನ್ ತುಂಬುವಾಗ ಸಲಹೆಗಾರರು ನಾನು ಊರು ಬಿಟ್ಟ ದಿನ ಯಾವುದೆಂದು ಫೋನಿನಲ್ಲಿ ಕೇಳಿದಾಗ ಬ್ಯಾಗು ಹೊರಟ ದಿನವನ್ನೇ ಹೇಳಿದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಂದು ಗಳಿಗೆಯೂ ಅನಿಸಲಿಲ್ಲ.

ತಮ್ಮ ಕಚೇರಿಗೆ ಪಾಸ್‌ಪೋರ್ಟಿನ ಮುದ್ರೆ ಕಾಣುತ್ತದೆ, ತೆಂಗಿನಕಾಯಿ ಕಾಣುವುದಿಲ್ಲ. ಕಾಣಬೇಕೆಂದೂ ನಾನು ಹೇಳುವುದಿಲ್ಲ. ನಾಳೆ ಊರೂರಿನ ಜನ ನೆರೆಮನೆಗೆ ಬ್ಯಾಗು ಸಾಗಿಸಿ ತೆರಿಗೆ ಉಳಿಸಲು ನಿಂತಾರು. ಆದರೆ ಒಂದು ಮಾತು ಕೇಳುತ್ತೇನೆ. ಹೊರದೇಶಕ್ಕೆ ಹೊರಟವನ ರಕ್ತ, ಎದೆ, ಕಣ್ಣು ಎಲ್ಲ ತಪಾಸಣೆಯಾಗುತ್ತದೆ. ಯಾವ ದಿನ ದಾಟಿದರೆ ಅವನ ದುಡಿಮೆ ಯಾರ ಲೆಕ್ಕಕ್ಕೆ ಹೋಗುತ್ತದೆ ಎಂಬುದನ್ನು ಕನ್ನಡದಲ್ಲಿ ಹೇಳುವ ಒಂದು ಬೋರ್ಡು ಎಲ್ಲಾದರೂ ಇದೆಯೇ? ಇದ್ದರೂ ನಾನು ಓದುತ್ತಿರಲಿಲ್ಲ, ಅದು ಬೇರೆ ಮಾತು. ಶಾಣ್ಯಾರು ಬೋರ್ಡು ಓದುವುದಿಲ್ಲ.

ಇನ್ನು ಗಿರಣಿಯ ವಿಷಯ. ಅದೇ ಚಳಿಗಾಲದಲ್ಲಿ ರಾಚವ್ವನ ಗಂಡ ಅಮೋಘಸಿದ್ದಪ್ಪ ಎದೆನೋವು ಬಂದು ಹೋಗಿಬಿಟ್ಟ. ಹೊಸ ಕೆಲಸ, ರಜೆ ಸಿಗಲಿಲ್ಲ. ಅವನನ್ನು ಮಣ್ಣು ಮಾಡುವುದನ್ನು ನಾನು ಫೋನಿನಲ್ಲಿ ನೋಡಿದೆ. ಅದೇ ಸಂಬಳದಲ್ಲಿ ತಂಗಿಗೆ ಗಿರಣಿ ಹಾಕಿಸಿಕೊಟ್ಟೆ. ಈಗ ಅವಳ ಮನೆ ನಡೆಯುವುದು ಅದರಿಂದಲೇ.

ಮೊನ್ನೆ ರಜೆಯ ಮೇಲೆ ಬಂದವನು ಗಿರಣಿಗೆ ಹೋಗಿ ತಮ್ಮ ನೋಟಿಸನ್ನು ಅವಳಿಗೆ ಬಿಡಿಸಿ ಹೇಳಿದೆ. ಕೈಯ ಹಿಟ್ಟು ಒರೆಸಿಕೊಳ್ಳುತ್ತ ಕೇಳಿದಳು: “ಆ ವರ್ಷ ನೀ ಇಲ್ಲೇ ಇದ್ದಿ ಅಂತಾರೇನಣ್ಣಾ?”

“ಹೌದವಾ, ಕಾಯ್ದೆ ಹಂಗೈತಿ.”

“ಹಂಗಾದ್ರ ಅವರನ್ನ ಮಣ್ಣ ಮಾಡೂ ದಿನ ಯಾಕ ಬರಲಿಲ್ಲ?”

ಅವಳು ವ್ಯಂಗ್ಯಕ್ಕೆ ಕೇಳಲಿಲ್ಲ, ಸಾಹೇಬರೇ. ನನ್ನ ಮುಖ ನೋಡಿ ಕೇಳಿದಳು.

ತೆರಿಗೆ ಮಾಫಿ ಮಾಡಿ ಎನ್ನುವುದಿಲ್ಲ. ಬಡ್ಡಿ ಸಮೇತ ಕಟ್ಟುತ್ತೇನೆ, ಕಂತು ಮಾಡಿಕೊಡಿ. ಗಿರಣಿಗೆ ಕೈ ಹಚ್ಚುವ ಹಾಗೆ ಮಾಡಬೇಡಿ. ನನ್ನ ನಂತರ ಹೋಗುವವರಿಗೆ ಒಂದು ಕನ್ನಡ ಬೋರ್ಡು ಹಾಕಿಸಿ. ಕೊನೆಯದಾಗಿ, ಆ ಚಳಿಗಾಲ ನಾನು ಇಲ್ಲಿಯೇ ಇದ್ದೆನೆಂದು ತಾವು ಬರೆದಿರುವುದರಿಂದ, ರಾಚವ್ವನಿಗೆ ಏನು ಹೇಳಬೇಕೆಂಬುದನ್ನೂ ತಾವೇ ಬರೆದು ತಿಳಿಸಿ.

ಇಂತಿ,
ಬ್ಯಾಗಿನ ಹಿಂದೆ ತಡವಾಗಿ ಹೋದ, ತಂಗಿಯ ಗಂಡನ ಮಣ್ಣಿಗೆ ಬರದೇ ಹೋದ ನಿವಾಸಿ,
ಭೀಮಶಿ
ಮನೋಳಿ, ಸವದತ್ತಿ ತಾಲೂಕು