ಡಬ್ಬದಲ್ಲಿ ಬಂದ ಸ್ಕೇಲು

ಸೆಪ್ಟೆಂಬರ್ 14, ಭಾನುವಾರ. ಬೆಳಿಗ್ಗೆ 11

ತಿಂಡಿ ಆಯಿತು, ಪಾತ್ರೆ ಆಯಿತು. ಅಟ್ಟ ಗುಡಿಸೋಣ ಎಂದು ಹತ್ತಿದೆ. ಗುಡಿಸಲಿಲ್ಲ. ಮೂರು ಡಬ್ಬಗಳ ಮುಂದೆ ಸುಮ್ಮನೆ ಕೂತಿದ್ದು ಇಳಿದು ಬಂದೆ.

ನಾಲ್ಕನೇ ಕ್ಲಾಸಿನ ಹೋಮ್‌ಸ್ಕೂಲ್ ಸೆಟ್. ಜೂನ್‌ನಲ್ಲಿ ತರಿಸಿದ್ದು. ಒಂದರ ಟೇಪು ಮಾತ್ರ ಬಿಚ್ಚಿದ್ದು. ಇನ್ನೆರಡು ಕೊರಿಯರ್‌ನವನು ಇಟ್ಟು ಹೋದ ಹಾಗೇ ಇವೆ.

ರಾಯಚರ್ಲು ಹಳ್ಳಿಯ ಚಿತ್ರಾ ಮತ್ತೆ ಮೆಸೇಜ್ ಹಾಕಿದ್ದಾಳೆ. ವಾಟ್ಸಾಪ್ ಗ್ರೂಪಿನಲ್ಲಿ ಪರಿಚಯ. ಗಂಡನಿಗೆ ಸೋಲಾರ್ ಪಾರ್ಕಿನಲ್ಲಿ ಕೆಲಸ, ಮಗಳಿಗೆ ಮನೆಯಲ್ಲೇ ಪಾಠ. ಸೆಟ್ ಬೇಕಂತೆ. ಕೊಡ್ತೀರಾ, ಇಟ್ಕೋತೀರಾ ಹೇಳಿಬಿಡಿ ಅಕ್ಕ ಅಂತ. ಹೇಳಲಿಲ್ಲ.

ಕೊಟ್ಟರೆ, ದಸರಾ ರಜೆ ಮುಗಿದ ಮೇಲೆ ಮಗಳು ಯಶು ಬೇರೆ ಸ್ಕೂಲಿಗೆ ಹೋಗಬೇಕು. ನನ್ನ ಗಂಡ ಪ್ರಭು ಸೀಟು ಮಾತಾಡಿ ಇಟ್ಟಿದ್ದಾರೆ. ಇಟ್ಟುಕೊಂಡರೆ ನಾನೇ ಕಲಿಸಬೇಕು. ಅದು ಆಗುತ್ತದೋ ಇಲ್ಲವೋ... ಅವಳನ್ನು ಬಿಡಿಸುವಾಗ ಹಳೇ ಸ್ಕೂಲಿನ ಹೆಡ್ ಮೇಷ್ಟ್ರು ಹೇಳಿದ್ದು ಇನ್ನೂ ಕಿವಿಯಲ್ಲಿದೆ — "ಮೂರೇ ತಿಂಗಳು ಕಣಮ್ಮ, ನೀವೇ ಸ್ಕೂಲು ಹುಡುಕ್ಕೊಂಡು ಹೋಗ್ತೀರ." ಅವನ ಮಾತು ನಿಜ ಮಾಡಲು ನನಗೆ ಇಷ್ಟವಿಲ್ಲ. ಸತ್ತರೂ ಇಲ್ಲ.

ಯಶುವಿನ ಎಡಗಿವಿ ಇನ್ನೂ ಸರಿಯಿಲ್ಲ. ಕರೆದರೆ ತಲೆ ತಿರುಗಿಸಿ ಬಲಗಿವಿ ಕೊಡುತ್ತಾಳೆ. ಒಂಬತ್ತು ವರ್ಷದ ಮಗು. ಲೆಕ್ಕದ ಮೇಷ್ಟ್ರು ನವೀನ್ ಕುಮಾರ್ ಕೊಟ್ಟ ಒಂದು ಏಟಿಗೆ ಕಿವಿ ತಮಟೆ ತೂತು. ಮರುದಿನ ಸ್ಟಾಫ್ ರೂಮಿಗೆ ನುಗ್ಗಿ ಅವನ ಎರಡೂ ಕೆನ್ನೆಗೆ ಬಿಟ್ಟೆ. ಕನ್ನಡಕ ಬಿತ್ತು. ತುಳಿದೆ. ಅದಕ್ಕೆ ಇವತ್ತಿಗೂ ಬೇಜಾರಿಲ್ಲ.

ಸೆಪ್ಟೆಂಬರ್ 17, ಬುಧವಾರ. ಮಧ್ಯಾಹ್ನ 3

ಊಟಕ್ಕೆ ಬಂದ ಪ್ರಭು ಅಟ್ಟ ಹತ್ತಿ ಡಬ್ಬ ಇಳಿಸಿದರು. ನಡುಮನೆಗೆ ಒದ್ದರು. ಒಂದರ ಮೂಲೆ ಹರಿಯಿತು.

"ಲೇ, ಮಾರ್ತೀಯೋ ಇಲ್ವೋ? ಇಲ್ಲಾಂದ್ರೆ ನಾನೇ ಗುಜರಿಗೆ ಹಾಕ್ಬುಡ್ತೀನಿ."

"ಹಾಕಿ ನೋಡಿ."

"ಮೂರ್ ದಿನ ಕಲಿಸ್ದೆ. ಆಮೇಲೆ ಏನಾಯ್ತು? ಯಾಕ್ ಬುಟ್ಟೆ? ಬಾಯ್ ಬುಡು!"

ಬಿಡಲಿಲ್ಲ. ಜುಟ್ಟು ಹಿಡಿದು ಕೆನ್ನೆಗೆ ಹೊಡೆದರು. ಕೈಗೆ ಸಿಕ್ಕಿದ್ದು ತಾಮ್ರದ ತಂಬಿಗೆ. ಬೀಸಿದೆ. ಹುಬ್ಬಿನ ಮೇಲೆ ಬಡಿಯಿತು. ರಕ್ತ ಡಬ್ಬದ ಮೇಲೂ ಬಿತ್ತು.

ಅತ್ತೆ ದೇವರ ಮನೆಯಿಂದ ಓಡಿ ಬಂದು ಮಗನ ಹುಬ್ಬಿಗೆ ಸೆರಗು ಒತ್ತಿ ಹಿಡಿದರು. "ಪಾಪಿಗಳಾ, ಕೂಸು ನೋಡ್ತೈತೆ ಕಣ್ರೋ!"

ಯಶು ಬಾಗಿಲಲ್ಲಿದ್ದಳು. ಅಳುತ್ತಿರಲಿಲ್ಲ. ಎರಡೂ ಕೈ ಬೆನ್ನ ಹಿಂದೆ. ಈಗೀಗ ಯಾವಾಗಲೂ ಹಾಗೇ ನಿಲ್ಲುತ್ತಾಳೆ.

ಸೆಪ್ಟೆಂಬರ್ 18

ಅವರಿಗೆ ಎರಡು ಹೊಲಿಗೆ. ಬಾಗಿಲು ಬಡಿಯಿತು ಅಂದರಂತೆ. ಡಾಕ್ಟರು ಹಾಗೇ ಬರೆದುಕೊಂಡರಂತೆ.

ಸೆಪ್ಟೆಂಬರ್ 21, ಭಾನುವಾರ

ಮಹಾಲಯ ಅಮಾವಾಸ್ಯೆ. ಎಲ್ಲ ಮಲಗಿ ಎದ್ದ ಮೇಲೆ ಟೀ ಇಡಬೇಕು. ಅಷ್ಟರಲ್ಲಿ ಬರೆದುಬಿಡುತ್ತೇನೆ. ಇಲ್ಲಿಯಾದರೂ ನಿಜ ಬರೆಯಬೇಕು.

ಜುಲೈ. ಮೂರನೇ ದಿನ. ಭಿನ್ನರಾಶಿ. ರೊಟ್ಟಿ ಮುರಿದು ತೋರಿಸಿದೆ — ಇದು ಅರ್ಧ, ಇದು ಕಾಲು. ಯಾವುದು ದೊಡ್ಡದು? ಕಾಲು ಅಂದಳು. "ನಾಲ್ಕು ದೊಡ್ಡದಲ್ವಾ ಅಮ್ಮ?" ಮತ್ತೆ ತೋರಿಸಿದೆ. ಕಾಲು. ಮತ್ತೆ. ಕಾಲು.

ಡಬ್ಬದಲ್ಲಿ ಪುಸ್ತಕಗಳ ಜೊತೆ ಒಂದು ಮರದ ಸ್ಕೇಲು ಬಂದಿತ್ತು. ಒಂದು ಅಡಿಯದು, ಒಂದು ಅಂಚಿಗೆ ತಗಡು. ಎಡಗೈ ಚಾಚು ಅಂದೆ. ಬಲಗೈಯಲ್ಲಿ ಬರೀಬೇಕಲ್ಲ, ಅದಕ್ಕೇ ಎಡಗೈ. ಅಷ್ಟು ಯೋಚನೆ ಇತ್ತು ನನಗೆ! ಸಿಟ್ಟಿನಲ್ಲಿ ಬುದ್ಧಿ ಹೋಗಿತ್ತು ಅಂತ ಹೇಳಿಕೊಳ್ಳುವ ಹಾಗೂ ಇಲ್ಲ. ಎಣಿಸಿ ಹೊಡೆದೆ. ಅಳಬೇಡ, ಅತ್ತರೆ ಇನ್ನೊಂದು ಅಂದೆ. ಅತ್ತಳು. ಇನ್ನೊಂದು. ಏಳು ಆಯಿತು. ತಗಡಿನ ಅಂಚು ತಾಗಿ ಅಂಗೈ ಸೀಳಿತು.

ಅತ್ತೆಗೆ, ಅವರಿಗೆ — ಈಳಿಗೆ ಮಣೆ ತಾಗಿತು ಅಂದೆ. ಯಶುವೂ ಹಾಗೇ ಅಂದಳು. ನಾನು ಹೇಳಿಕೊಟ್ಟಿರಲಿಲ್ಲ.

ಅವತ್ತೇ ಪುಸ್ತಕ ಒಳಗೆ ಹಾಕಿ ಡಬ್ಬ ಅಟ್ಟಕ್ಕೆ ಏರಿಸಿದೆ. ನವೀನ್ ಕುಮಾರ್ ಹೊಡೆದದ್ದು ಒಂದೇ ಏಟು.

ಸೆಪ್ಟೆಂಬರ್ 24. ಸಂಜೆ

ಚಿತ್ರಾ ಫೋನ್ ಮಾಡಿದ್ದಳು. ಎಲ್ಲ ಇದೆಯಾ ಅಂತ ಅವಳ ಅರ್ಧ ತೆಲುಗಿನಲ್ಲಿ.

"ಅಂತಾ ಉಂದಾ ಅಕ್ಕಾ? ಲಿಸ್ಟ್‌ನಾಗೆ ಇರೋದೆಲ್ಲ ಐತಾ? ಒಂದ್ಸತಿ ನೋಡಿ ಹೇಳಕ್ಕ. ದಸರಾ ದಿನ ಗಾಡಿ ತರ್ತೀನಿ."

ನೋಡಿದೆ. ಪುಸ್ತಕ, ಚಾರ್ಟು, ಮಣಿಚೌಕಟ್ಟು ಎಲ್ಲ ಇದೆ. ಸ್ಕೇಲು ಇಲ್ಲ. ಅಟ್ಟ, ಬೀರು, ಅಕ್ಕಿ ಡಬ್ಬ, ಹಾಸಿಗೆ ಕೆಳಗೆ... ಎಲ್ಲೂ ಇಲ್ಲ.

ಯಶುವನ್ನು ಕೇಳಿದೆ. ತಲೆ ಅಲ್ಲಾಡಿಸಿದಳು. ಸುಳ್ಳು ಅಂತ ಗೊತ್ತು. ಬೆನ್ನಿಗೆ ಒಂದು ಬಿತ್ತು. ಬಿತ್ತು ಅಂತ ಬರೆದೆ ನೋಡು. ಹೊಡೆದೆ. ನಾನು ಹೊಡೆದೆ.

ಸ್ಕೇಲು ಇಲ್ಲ, ಮಿಕ್ಕಿದ್ದು ಇದೆ, ಕೊಡೋದು ಇನ್ನೂ ಗಟ್ಟಿಯಿಲ್ಲ ಅಂತ ಮೆಸೇಜ್ ಹಾಕಿದೆ.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಪ್ರಭು ತಮ್ಮ ಹಾರ್ಡ್‌ವೇರ್ ಅಂಗಡಿಯಿಂದ ತಕ್ಕಡಿ, ಕಟಿಂಗ್ ಮಿಷನ್ನು ತಂದರು. ನಾನು ಮಿಕ್ಸಿ, ಈಳಿಗೆ ಮಣೆ ಇಟ್ಟೆ. ಅತ್ತೆ ಎಲ್ಲಕ್ಕೂ ವಿಭೂತಿ ಎಳೆದು ಕುಂಕುಮ ಇಡುತ್ತಿದ್ದರು.

"ಕೂಸೆ, ನಿನ್ ಪುಸ್ತಕ ತಾರವ್ವ. ಕೆಲಸ ಮಾಡೋದೆಲ್ಲ ಇಡ್ಬೇಕು."

ಹೋದಳು. ಲೆಕ್ಕದ ಪುಸ್ತಕ ತಂದಳು. ಅದರ ಮೇಲೆ ಸ್ಕೇಲು. ತನ್ನ ಹಳೇ ಸ್ಕೂಲು ಬ್ಯಾಗಿನಲ್ಲಿ ಇಟ್ಟಿದ್ದಳಂತೆ. ಆ ಬ್ಯಾಗನ್ನು ನಾನು ಮುಟ್ಟಿರಲಿಲ್ಲ.

"ಇದೇನವ್ವಾ ಇದು?"

"ಅಮ್ಮನ ಆಯುಧ ಅಜ್ಜಿ."

ಕಳ್ಳತನ, ಕೊಂಕು ಯಾವುದೂ ಇರಲಿಲ್ಲ ಮುಖದಲ್ಲಿ. ಅಪ್ಪನ ತಕ್ಕಡಿ, ಅಮ್ಮನ ಸ್ಕೇಲು, ಅಷ್ಟೇ. ಅತ್ತೆ ಸ್ಕೇಲು ಕೈಗೆ ತಗೊಂಡರು. ತಗಡಿನ ಅಂಚಿನಲ್ಲಿ ಕಪ್ಪಗೆ ಒಣಗಿದ್ದನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಅದಕ್ಕೂ ಮೂರು ಬೆರಳು ವಿಭೂತಿ ಎಳೆದು ಚೆಂಡುಹೂವು ಇಟ್ಟರು.

ಪ್ರಭು ಎದ್ದು ಯಶುವಿನ ಎಡಗೈ ಬಿಡಿಸಿ ನೋಡಿದರು. ಬೆರಳು ಮತ್ತೆ ಮಡಿಸಿಟ್ಟರು. ನನ್ನನ್ನು ಹೊಡೆದುಬಿಟ್ಟಿದ್ದರೆ ಚೆನ್ನಾಗಿತ್ತು.

ಪೂಜೆಗಿಟ್ಟದ್ದನ್ನು ಇವತ್ತು ಮುಟ್ಟುವಂತಿಲ್ಲ. ಸ್ಕೇಲು ಅಲ್ಲೇ ಇದೆ. ದೀಪದ ಪಕ್ಕ.

ಚಿತ್ರಾಗೆ ಮೆಸೇಜ್ ಹಾಕಿದೆ. ನಾಳೆ ಬಂದು ತಗೊಂಡು ಹೋಗು.

ಅಕ್ಟೋಬರ್ 2, ವಿಜಯದಶಮಿ. ಬೆಳಿಗ್ಗೆ 10

ಆಯುಧ ತೆಗೆಯುವ ಶಾಸ್ತ್ರ. ಇಟ್ಟದ್ದರಲ್ಲಿ ಒಂದಿಷ್ಟು ಕೆಲಸ ಮಾಡಿಯೇ ತೆಗೆಯಬೇಕು. ಪ್ರಭು ಒಂದು ಹಿಡಿ ಮೊಳೆ ತೂಗಿದರು. ನಾನು ಒಂದು ಬದನೆಕಾಯಿ ಹೆಚ್ಚಿದೆ. ಯಶು ಪುಸ್ತಕ ತೆರೆದು ಎರಡು ಸಾಲು ಓದಿದಳು. ಆಮೇಲೆ ಸ್ಕೇಲು ತಂದು ನನ್ನ ಕೈಗಿಟ್ಟಳು. ಎಡಗೈ ಚಾಚಿದಳು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು.

"ಒಂದೇ ಒಂದು ಅಮ್ಮ. ಶಾಸ್ತ್ರಕ್ಕೆ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು.

ಸ್ಕೇಲು ಅವಳ ಕೈಗೇ ಕೊಟ್ಟೆ. ಅವಳ ಮುಂದೆ ಕೂತು ಕೈ ಚಾಚಿದೆ. "ಶಾಸ್ತ್ರ ನೀನು ಮಾಡು" ಅಂದೆ.

"ಎಡಗೈ ಅಮ್ಮ. ಬಲಗೈಲಿ ಬರೀಬೇಕಲ್ಲ."

ಮೆತ್ತಗೆ ತಾಗಿಸುತ್ತಾಳೆ ಅಂದುಕೊಂಡೆ. ಬೀಸಿ ಹೊಡೆದಳು. ಎಣಿಸಿದಳು. ನನ್ನದೇ ದನಿ, ನನ್ನದೇ ನಿಧಾನ. ನಾಲ್ಕಕ್ಕೆ ಕಣ್ಣಲ್ಲಿ ನೀರು ಬಂತು.

"ಅಳ್ಬೇಡ. ಅತ್ರೆ ಇನ್ನೊಂದು."

ಏಳಕ್ಕೆ ನಿಲ್ಲಿಸಿದಳು. ಸರಿಯಾಗಿ ಏಳಕ್ಕೆ.

10.40

ಎಡಗೈ ಬೆರಳು ಮಡಿಸಲಾಗುತ್ತಿಲ್ಲ. ಬರೆಯೋದಕ್ಕೆ ತೊಂದರೆಯಿಲ್ಲ. ಡಬ್ಬ ಮೂರೂ ಬಾಗಿಲ ಹತ್ತಿರ ಇಟ್ಟಾಯಿತು. ರಜೆ ಮುಗಿದ ಮೇಲೆ ಯಶು ಸ್ಕೂಲಿಗೆ. ಇನ್ನು ನಾನು ಕಲಿಸುವುದು ಏನೂ ಇಲ್ಲ.

ಗೇಟಿನಲ್ಲಿ ಚಿತ್ರಾ. "ಸ್ಕೇಲು ಸಿಕ್ತಾ ಅಕ್ಕಾ?" ಅನ್ನುತ್ತಿದ್ದಾಳೆ. ಅದನ್ನು ಕೊಡಲ್ಲ. ಒಲೆಗೆ ಹಾಕುತ್ತೇನೆ.

ಯಶು ಸ್ಕೇಲು ಬಿಡುತ್ತಿಲ್ಲ. ಎದುರಿಗೇ ನಿಂತಿದ್ದಾಳೆ. "ಅಜ್ಜಿ ಪೂಜೆ ಮಾಡೌರೆ, ಇದು ನಂದು" ಅನ್ನುತ್ತಾಳೆ. ಕೊಡು ಅಂದೆ. ಕೈ ಎತ್ತಿದೆ — ಇಸ್ಕೊಳ್ಳೋದಕ್ಕೇ ಎತ್ತಿದ್ದು, ದೇವರಾಣೆ ಇಸ್ಕೊಳ್ಳೋದಕ್ಕೇ — ಅವಳು ಸ್ಕೇಲು ಬಿಡದೆ, ಕಣ್ಣು ಗಟ್ಟಿಯಾಗಿ ಮುಚ್ಚಿ, ಎಡಗೈ ಚಾಚಿದಳು.